ನಾಗರಿಕ ವಿಜ್ಞಾನ: ರೈತರ ಪರವಾಗಿ ಮಾತನಾಡುವವರು ಯಾರು?

ಮುಂಗಾರಿನ ಮೊದಲ ಹದ ಮಳೆ ಯಾವ ದಿನ ಬಿತ್ತು, ಹುಳು ಮೊದಲು ಯಾವ ಹೊಲದಲ್ಲಿ ಕಾಣಿಸಿತು, ಮಾವು ಯಾವ ವರ್ಷ ತಡವಾಗಿ ಹೂ ಬಿಟ್ಟಿತು ಎಂಬುದನ್ನು ರೈತನಷ್ಟು ಹತ್ತಿರದಿಂದ ನೋಡುವವರು ಬೇರೊಬ್ಬರಿಲ್ಲ. ಆದರೆ ಹೀಗೆ ನೋಡಿದ್ದನ್ನು ಬರೆದಿಡುವವರು ವಿರಳ. ಬರೆದಿಡದ ಅನುಭವ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದ ಹೊಲದ ಕಷ್ಟ ಯೋಜನೆ ರೂಪಿಸುವವರ ಕಣ್ಣಿಗೂ ಬೀಳುವುದಿಲ್ಲ.

ಜನಸಾಮಾನ್ಯರು ಕಂಡದ್ದನ್ನು ಒಟ್ಟುಗೂಡಿಸಿ ವಿಜ್ಞಾನದ ಕೆಲಸಕ್ಕೆ ಬಳಸುವ ಪದ್ಧತಿಗೆ ‘ನಾಗರಿಕ ವಿಜ್ಞಾನ’ ಎಂದು ಹೆಸರು. ಮೊಬೈಲ್ ಫೋನು ಹಳ್ಳಿ ಹಳ್ಳಿಗೂ ಬಂದ ಮೇಲೆ ವಾಟ್ಸಾಪ್, ಫೇಸ್‌ಬುಕ್ ಮುಂತಾದ ಸಾಮಾಜಿಕ ಜಾಲತಾಣಗಳ ಮೂಲಕ ಇದರ ಸುದ್ದಿ ಎಲ್ಲೆಡೆ ಹರಡುತ್ತಿದೆ. ಆದರೆ ಅಲ್ಲಿ ‘ಜನರ ವಿಜ್ಞಾನ’ ಎಂದು ಮಾತನಾಡುವವರು ಯಾರು? ಅವರಲ್ಲಿ ರೈತರೆಷ್ಟು ಮಂದಿ? ರೈತರು ತಮ್ಮ ಮಾತನ್ನು ತಾವೇ ಆಡಬೇಕಾದರೆ ಏನು ಮಾಡಬೇಕು? ಇವನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ನಾಗರಿಕ ವಿಜ್ಞಾನ ಎಂದರೇನು?

ಇದು ಹೊಸ ಹೆಸರಿನ ಹಳೆಯ ಕೆಲಸ. 1900ನೆಯ ಇಸವಿಯ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಫ್ರಾಂಕ್ ಚಾಪ್‌ಮನ್ ಎಂಬುವರ ಸಲಹೆಯಂತೆ 27 ಮಂದಿ, ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸಿದರು. ಆ ಎಣಿಕೆ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ. ‘ನಾಗರಿಕ ವಿಜ್ಞಾನ’ ಎಂಬ ಹೆಸರು ಮಾತ್ರ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಅದೂ ಎರಡು ಬೇರೆ ಬೇರೆ ಅರ್ಥಗಳಲ್ಲಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿ ಪ್ರಯೋಗಾಲಯದಲ್ಲಿದ್ದ ರಿಕ್ ಬಾನಿ ಎಂಬುವರು, ವಿಜ್ಞಾನಿಗಳು ಕೇಳಿದ ಮಾಹಿತಿಯನ್ನು ಸಾರ್ವಜನಿಕರು ಒದಗಿಸುವ ಕೆಲಸಕ್ಕೆ ಈ ಹೆಸರನ್ನು ಬಳಸಿದರು. ಬ್ರಿಟನ್ನಿನ ಅಲನ್ ಇರ್ವಿನ್ ಎಂಬುವರು 1995ರಲ್ಲಿ ಇದೇ ಹೆಸರಿನ ಪುಸ್ತಕ ಬರೆದು, ಜನರ ಚಿಂತೆಗಳಿಗೆ ಉತ್ತರಿಸುವ, ಜನರ ಅನುಭವದ ಅರಿವನ್ನೂ ಒಳಗೊಳ್ಳುವ ವಿಜ್ಞಾನವೇ ನಾಗರಿಕ ವಿಜ್ಞಾನವೆಂದರು. ಮೊದಲನೆಯ ಅರ್ಥದಲ್ಲಿ ರೈತ ಮಾಹಿತಿ ಕೊಡುವವನು. ಎರಡನೆಯ ಅರ್ಥದಲ್ಲಿ ರೈತ ಪ್ರಶ್ನೆ ಕೇಳುವವನೂ ಹೌದು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಜಾಲತಾಣದಲ್ಲಿ ಕಾಣಿಸುವವರು ಯಾರು?

ನಾಗರಿಕ ವಿಜ್ಞಾನದ ಬಗ್ಗೆ ಜಾಲತಾಣಗಳಲ್ಲಿ ಬರುವ ಬರಹ, ಚಿತ್ರಗಳನ್ನು ಗಮನಿಸಿದರೆ ಹೆಚ್ಚಾಗಿ ಕಾಣುವುದು ಯೋಜನೆ ನಡೆಸುವ ಸಂಸ್ಥೆಗಳು, ವಿಜ್ಞಾನಿಗಳು, ಪತ್ರಕರ್ತರು ಹಾಗೂ ಒಳ್ಳೆಯ ಕ್ಯಾಮೆರಾ ಇರುವ ಪಟ್ಟಣದ ಆಸಕ್ತರು. ದಿನವೂ ನೋಡಿ ಬರೆದು ಕಳುಹಿಸುವ ಸಾಮಾನ್ಯ ಸ್ವಯಂಸೇವಕರ ದನಿ ಕಡಿಮೆ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದು, ಗುಂಪುಗಳ ಸ್ವಭಾವ. ಯಾವ ವಾಟ್ಸಾಪ್ ಗುಂಪಿನಲ್ಲಾದರೂ ಮಾತನಾಡುವವರು ಬೆರಳೆಣಿಕೆಯಷ್ಟು, ಓದಿ ಸುಮ್ಮನಿರುವವರು ಬಹಳ. ಜಾಲತಾಣಗಳ ಬಳಕೆಯನ್ನು ಅಭ್ಯಸಿಸಿದ ಜೇಕಬ್ ನೀಲ್ಸನ್ ಎಂಬುವರು 2006ರಲ್ಲಿ ಇದಕ್ಕೊಂದು ಸ್ಥೂಲ ಲೆಕ್ಕ ಕೊಟ್ಟರು: ನೂರರಲ್ಲಿ 90 ಮಂದಿ ನೋಡುವವರು, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುವವರು, ಉಳಿದ ಒಬ್ಬರೇ ಬಹುಪಾಲು ಬರೆಯುವವರು. ನಾಗರಿಕ ವಿಜ್ಞಾನವೂ ಇದಕ್ಕೆ ಹೊರತಲ್ಲ. ಝೂನಿವರ್ಸ್ ಎಂಬ ತಾಣದ ಏಳು ಯೋಜನೆಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತರಲ್ಲಿ ಒಂದು ಪಾಲು ಜನರೇ ಒಟ್ಟು ಕೆಲಸದ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಮಾಡಿದ್ದು ಕಂಡುಬಂದಿತು.

ಎರಡನೆಯದು, ಸಾಧನ ಮತ್ತು ಭಾಷೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಂದಾದರೂ ಇಂಟರ್‌ನೆಟ್ ಬಳಸಿದ್ದವರು ದೇಶದ ಗ್ರಾಮೀಣ ಪುರುಷರಲ್ಲಿ ಸುಮಾರು ಅರ್ಧದಷ್ಟು. ಗ್ರಾಮೀಣ ಮಹಿಳೆಯರಲ್ಲಿ ನಾಲ್ವರಿಗೊಬ್ಬರು ಮಾತ್ರ. ಕಳೆ ತೆಗೆಯುವಾಗ ಗಿಡದ ಬುಡವನ್ನು ನೋಡುವವರು, ಬೀಜ ಆರಿಸಿ ಕಾಪಿಡುವವರು, ದನಕರುಗಳ ಕಾಯಿಲೆಯನ್ನು ಮೊದಲು ಗುರುತಿಸುವವರು ಬಹುಪಾಲು ಹೆಣ್ಣುಮಕ್ಕಳೇ ಆಗಿರುವಾಗ, ಅವರ ಅರಿವೇ ಹೊರಗುಳಿದರೆ ನಷ್ಟ ಎಷ್ಟೆಂಬುದನ್ನು ನೀವೇ ಊಹಿಸಬಹುದು.

ಮೂರನೆಯದು, ವಿಷಯದ ಆಯ್ಕೆ. ಬಣ್ಣದ ಚಿಟ್ಟೆ, ಅಪರೂಪದ ಹಕ್ಕಿಯ ಚಿತ್ರಕ್ಕೆ ಸಿಗುವ ಮೆಚ್ಚುಗೆ ‘ಇಂದು ಮಳೆ ಇಲ್ಲ’, ‘ಹೊಲದಲ್ಲಿ ಹುಳು ಇಲ್ಲ’ ಎಂಬ ಸಾಲಿಗೆ ಸಿಗುವುದಿಲ್ಲ. ಆದರೆ ಬೇಸಾಯಕ್ಕೆ ಬೇಕಾದ ಮಾಹಿತಿ ಈ ಎರಡನೆಯ ಬಗೆಯದು.

ಗುಬ್ಬಚ್ಚಿ ಮತ್ತು ನವಿಲು ಕಲಿಸುವ ಪಾಠ

ಗುಬ್ಬಚ್ಚಿ ನಾಶವಾಗುತ್ತಿದೆ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. 2010ರಿಂದ ಮಾರ್ಚ್ 20ನ್ನು ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ. ದೇಶದ ಪಕ್ಷಿವೀಕ್ಷಕರು ಕಳುಹಿಸಿದ ಒಂದು ಕೋಟಿಗೂ ಮಿಕ್ಕಿದ ದಾಖಲೆಗಳಿಂದ 2020ರಲ್ಲಿ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ಎಂಬ ವರದಿ ಸಿದ್ಧವಾಯಿತು. ಅದರಂತೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿದ್ದರೂ, ಒಟ್ಟಾರೆ ದೇಶದಲ್ಲಿ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿಯೇ ಇತ್ತು. ನಗರದವರು ಹೇಳಿದ್ದು ಸುಳ್ಳಲ್ಲ. ತಮ್ಮ ಬೀದಿಯಲ್ಲಿ ಕಂಡದ್ದನ್ನು ಅವರು ಹೇಳಿದರು. ಹಳ್ಳಿಯ ಮಾತು ಪಕ್ಕದಲ್ಲಿ ಇಲ್ಲದ್ದರಿಂದ ಅದೇ ಇಡೀ ದೇಶದ ಮಾತಾಯಿತು.

ಇದೇ ವರದಿ, ನವಿಲುಗಳ ಸಂಖ್ಯೆ ಬಹಳ ಹೆಚ್ಚಿದೆ ಎಂದೂ ತಿಳಿಸಿತು. ಬಿತ್ತಿದ ಕಾಳನ್ನು ಕೆದಕಿ ತಿನ್ನುವ ನವಿಲಿನ ಹಾವಳಿಯನ್ನು ಅನುಭವಿಸಿದ ರೈತರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಯಾವ ಬೆಳೆಯಲ್ಲಿ, ಬಿತ್ತನೆಯಾದ ಎಷ್ಟನೆಯ ದಿನ, ಎಕರೆಗೆ ಎಷ್ಟು ಸಾಲು ಹಾಳಾಯಿತು ಎಂಬುದನ್ನು ಪಕ್ಷಿವೀಕ್ಷಕರ ಪಟ್ಟಿ ಹೇಳದು. ಅದನ್ನು ಹೇಳಬೇಕಾದವನು ಹೊಲದವನೇ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಪಡೆದ ಪಕ್ಷಿಯಾದುದರಿಂದ ಅದಕ್ಕೆ ವಿಷವಿಡುವುದು, ಉರುಳು ಹಾಕುವುದು ಅಪರಾಧ. ಹಾನಿಯ ಕರಾರುವಾಕ್ಕಾದ ದಾಖಲೆಯೇ ಪರಿಹಾರದ ಕಡೆಗೆ ಇಡುವ ಮೊದಲ ಹೆಜ್ಜೆ.

ಈ ವರದಿಯ 2023ರ ಆವೃತ್ತಿಗೆ ಸುಮಾರು 30,000 ಮಂದಿಯ ಮೂರು ಕೋಟಿಗೂ ಹೆಚ್ಚಿನ ದಾಖಲೆಗಳು ಆಧಾರವಾದವು. ಸಂಖ್ಯೆ ದೊಡ್ಡದೇ. ಆದರೂ ಇಂಥ ದಾಖಲೆಗಳು ನಗರಗಳು, ಪಕ್ಷಿಧಾಮಗಳು ಮತ್ತು ಪ್ರವಾಸಿ ತಾಣಗಳ ಸುತ್ತ ದಟ್ಟವಾಗಿರುತ್ತವೆ, ಬಯಲು ಸೀಮೆಯ ಹೊಲಗಳಲ್ಲಿ ತೆಳುವಾಗಿರುತ್ತವೆ. ಮರಗಳು ಚಿಗುರುವ, ಹೂ ಬಿಡುವ, ಕಾಯಿ ಕಚ್ಚುವ ಕಾಲವನ್ನು ದಾಖಲಿಸುವ ‘ಸೀಸನ್‌ವಾಚ್’ ಯೋಜನೆ 2010ರಲ್ಲಿ ಆರಂಭವಾಯಿತು. ಅದರ ಮಾಹಿತಿಯ ಬಹುಪಾಲು ಬಂದದ್ದು ಕೇರಳದ ಶಾಲಾ ಮಕ್ಕಳಿಂದ. ಆ ಮಕ್ಕಳ ಶ್ರಮ ಮೆಚ್ಚತಕ್ಕದ್ದು. ಆದರೆ ಶ್ರೀನಿವಾಸಪುರದ ಮಾವಿನ ತೋಪುಗಳ ಹೂವಿನ ಕಾಲವನ್ನು ಕೇರಳದ ಅಂಗಳದ ಮಾವಿನ ಮರ ತಿಳಿಸಲಾರದು.

ಇಂಥ ಕೊರತೆಗೆ ಮದ್ದೂ ಉಂಟು. ಕೇರಳದಲ್ಲಿ 2015ರಿಂದ 2020ರವರೆಗೆ ನಡೆದ ಪಕ್ಷಿ ನಕಾಶೆಯ ಕೆಲಸದಲ್ಲಿ ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಅವುಗಳಲ್ಲಿ ಆರಿಸಿದ ಸುಮಾರು 4,000 ಚಿಕ್ಕ ಚೌಕಗಳಿಗೆ ಸ್ವಯಂಸೇವಕರು ಹೋಗಿ ಎಣಿಸಿದರು. ತಮಗೆ ಇಷ್ಟವಾದ ಜಾಗಕ್ಕೆ ಹೋಗದೆ, ಲೆಕ್ಕಕ್ಕೆ ಬೇಕಾದ ಜಾಗಕ್ಕೆ ಹೋದರು. ಹೊಲ ಗದ್ದೆಗಳೂ ಹಾಗೆ ನಕಾಶೆಯೊಳಗೆ ಬಂದವು.

ಕೆಲಸಗಾರನ ಮಾತಿಗೂ ಬೆಲೆಯುಂಟು

ಅಲನ್ ಇರ್ವಿನ್ ತಮ್ಮ ಪುಸ್ತಕದಲ್ಲಿ ಚರ್ಚಿಸಿದ ಒಂದು ಪ್ರಸಂಗ ರೈತರೆಲ್ಲರೂ ತಿಳಿಯಬೇಕಾದುದು. ಬ್ರಿಟನ್ನಿನಲ್ಲಿ 2,4,5-ಟಿ ಎಂಬ ಕಳೆನಾಶಕ ಬಳಕೆಯಲ್ಲಿತ್ತು. ಸೂಚಿಸಿದ ರೀತಿಯಲ್ಲಿ ಬಳಸಿದರೆ ಅಪಾಯವಿಲ್ಲವೆಂದು ಸರ್ಕಾರದ ತಜ್ಞ ಸಮಿತಿ ಹೇಳುತ್ತಿತ್ತು. 1980ರ ಸುಮಾರಿಗೆ ಕೃಷಿ ಕಾರ್ಮಿಕರ ಸಂಘ ಇದನ್ನು ಪ್ರಶ್ನಿಸಿತು. ಸಂಘದ ವಾದ ಸರಳವಾದುದು: ಸೂಚಿಸಿದ ರೀತಿಯಲ್ಲಿ ಬಳಸುವ ಪರಿಸ್ಥಿತಿಯೇ ಹೊಲ ಕಾಡುಗಳಲ್ಲಿ ಇಲ್ಲ. ರಕ್ಷಣೆಯ ಉಡುಪು ಸಿಗುವುದಿಲ್ಲ, ಕೈ ತೊಳೆಯಲು ನೀರಿರುವುದಿಲ್ಲ, ಗಾಳಿ ಬೀಸಿದರೂ ಕೆಲಸ ನಿಲ್ಲಿಸುವಂತಿಲ್ಲ. ಸಂಘವು ಕೆಲಸಗಾರರ ಅನುಭವಗಳನ್ನು ಸಂಗ್ರಹಿಸಿ ಸಮಿತಿಯ ಮುಂದಿಟ್ಟಿತು.

ತಜ್ಞರಿಗೆ ರಾಸಾಯನಿಕದ ಗುಣ ಗೊತ್ತಿತ್ತು. ಸಿಂಪರಣೆ ಮಾಡುವವನಿಗೆ ಸಿಂಪರಣೆ ನಡೆಯುವ ರೀತಿ ಗೊತ್ತಿತ್ತು. ಈ ಎರಡೂ ಅರಿವು ಸೇರಿದಾಗ ಮಾತ್ರ ಅಪಾಯದ ನಿಜವಾದ ಅಳತೆ ಸಿಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಮುಖಗವಸು, ಕೈಗವಸು ತೊಟ್ಟು ಸ್ಪ್ರೇಯರ್ ಹೊತ್ತು ಎಷ್ಟು ಹೊತ್ತು ನಡೆಯಲು ಸಾಧ್ಯವೆಂಬುದನ್ನು ನಮ್ಮ ರೈತ, ಕೂಲಿಕಾರರಲ್ಲದೆ ಮತ್ತಾರು ಹೇಳಬಲ್ಲರು?

ಮಳೆಯ ಲೆಕ್ಕ

1997ರ ಜುಲೈ 28ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಊರಿನಲ್ಲಿ ಪ್ರವಾಹ ಬಂದು ಐವರು ಸತ್ತರು. ಊರಿನ ಒಂದು ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ಅಡಿಗೂ ಮಿಕ್ಕಿ ಮಳೆ ಸುರಿದಿದ್ದರೆ, ಮತ್ತೊಂದು ಭಾಗದಲ್ಲಿ ಸಾಧಾರಣ ಮಳೆ. ಕೆಲವೇ ಮಾಪಕಗಳಿಂದ ಈ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಮರುವರ್ಷ, ಎಂದರೆ 1998ರಲ್ಲಿ, ಅಲ್ಲಿನ ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಹವಾಮಾನ ಕೇಂದ್ರವು ಮನೆ ಮನೆಗಳಲ್ಲಿ ಮಳೆಮಾಪಕವಿಟ್ಟು ಅಳೆಯುವ ಸ್ವಯಂಸೇವಕರ ಜಾಲವನ್ನು ಕಟ್ಟಿತು. ಅದು ಈಗ ಅಮೆರಿಕವನ್ನೆಲ್ಲ ಆವರಿಸಿ ಕೆನಡಕ್ಕೂ ಹಬ್ಬಿದೆ. ಮಳೆ ಬಾರದ ದಿನ ‘ಸೊನ್ನೆ’ ಎಂದು ಬರೆಯುವುದನ್ನೂ ಅಲ್ಲಿ ಅಷ್ಟೇ ಮುಖ್ಯವೆಂದು ಎಣಿಸುತ್ತಾರೆ.

ನಮ್ಮಲ್ಲಿಯೂ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಶಕಗಳ ಕಾಲ ಮಳೆ ಪುಸ್ತಕ ಬರೆದಿಟ್ಟ ಮನೆತನಗಳಿವೆ. ಈ ಪದ್ಧತಿ ಬಯಲು ಸೀಮೆಗೂ ಬರಬೇಕು. ವಿಧಾನ ಸುಲಭ.

1. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾದ ಪಾತ್ರೆಯೂ ಮಾಪಕವಾಗಬಲ್ಲದು. ಅಂಗಡಿಯ ಮಾಪಕವಾದರೆ ಇನ್ನೂ ಒಳ್ಳೆಯದು.
2. ಮರ, ಗೋಡೆಗಳ ಎತ್ತರದ ಎರಡರಷ್ಟು ದೂರದಲ್ಲಿ, ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲಿರುವಂತೆ ನೆಟ್ಟಗೆ ನಿಲ್ಲಿಸಬೇಕು.
3. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ನೀರನ್ನು ಚೆಲ್ಲಿ, ದಿನಾಂಕದೊಡನೆ ಬರೆಯಬೇಕು. ಮಳೆ ಇಲ್ಲದಿದ್ದರೆ 0 ಎಂದು ಬರೆಯಬೇಕು. ಅಂದು ನೋಡದಿದ್ದರೆ ‘ನೋಡಿಲ್ಲ’ ಎಂದೇ ಬರೆಯಬೇಕು. ಇವೆರಡೂ ಒಂದಲ್ಲ.

ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರಿಗೆ ಸುಮಾರು ಒಂದು ಲಕ್ಷ ಲೀಟರ್. ಬಿತ್ತನೆ, ಮೇಲುಗೊಬ್ಬರ, ನೀರಾವರಿಗಳ ನಿರ್ಧಾರಕ್ಕೆ ಈ ಲೆಕ್ಕ ಮೊದಲು ನಿಮಗೇ ಉಪಯೋಗಕ್ಕೆ ಬರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವನ್ನು ನಿಗದಿಪಡಿಸಿದ ಮಾಪನ ಕೇಂದ್ರದ ಅಂಕಿಗಳಿಂದಲೇ ಲೆಕ್ಕ ಹಾಕುತ್ತಾರೆ. ನಿಮ್ಮ ಮನೆಯ ಪುಸ್ತಕ ಅದಕ್ಕೆ ಬದಲಿಯಲ್ಲ. ಆದರೆ ಕೇಂದ್ರದ ಅಂಕಿಗೂ ಊರಿನ ಮಳೆಗೂ ವ್ಯತ್ಯಾಸವಿದೆಯೆಂದು ಕೇಳಬೇಕಾದಾಗ, ಹತ್ತು ರೈತರ ತಾಳೆಯಾಗುವ ಪುಸ್ತಕಗಳು ಬರಿಯ ಮಾತಿಗಿಂತ ತೂಕದವು.

ಸೈನಿಕ ಹುಳುವಿನ ಉದಾಹರಣೆ

ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು ಕರ್ನಾಟಕದಿಂದ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಬೆಳೆಯಲ್ಲಿ ಕೃಷಿ ವಿಜ್ಞಾನಿಗಳು ಇದನ್ನು ಗುರುತಿಸಿದರು. ಆಮೇಲೆ ಅದು ಬಲು ಬೇಗ ಇತರ ರಾಜ್ಯಗಳಿಗೂ ಹರಡಿತು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು, ರೈತರೇ ಹೊಲದಲ್ಲಿ ಎಣಿಸಿ ಮಾಹಿತಿ ಕಳುಹಿಸಲು ಒಂದು ಮೊಬೈಲ್ ಸಾಧನವನ್ನು ಹೊರತಂದಿತು.

ಇಂಥ ಸಂದರ್ಭದಲ್ಲಿ ‘ನಮ್ಮೂರಲ್ಲಿ ಹುಳು ಬಂದಿದೆ, ಬೆಳೆಯೆಲ್ಲ ಹೋಯಿತು’ ಎಂಬ ವಾಟ್ಸಾಪ್ ಸುದ್ದಿಯಿಂದ ಗಾಬರಿ ಹರಡುತ್ತದೆಯೇ ಹೊರತು ಉಪಯೋಗವಿಲ್ಲ. ಅದರ ಬದಲು ಹೊಲದಲ್ಲಿ ಓರೆಕೋರೆಯಾಗಿ ನಡೆದು, ಐದು ಕಡೆ ನಿಂತು, ಒಂದೊಂದು ಕಡೆ 10 ಗಿಡಗಳ ಸುಳಿ ನೋಡಬೇಕು. 50 ಗಿಡಗಳಲ್ಲಿ 6 ಗಿಡಕ್ಕೆ ಹಾನಿಯಾಗಿದ್ದರೆ ಅದು ಶೇಕಡ 12. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗುರುತು, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಅದು ಫಾಲ್ ಸೈನಿಕ ಹುಳುವೇ. ‘ಬಿತ್ತಿ 20 ದಿನದ ಮೆಕ್ಕೆಜೋಳ, 50ರಲ್ಲಿ 6 ಗಿಡ, ಈ ದಿನಾಂಕ, ಈ ಊರು’ ಎಂದು ಬರೆದ ಒಂದೇ ಸಾಲು ಕೃಷಿ ಅಧಿಕಾರಿಗೆ ಕ್ರಮ ಕೈಗೊಳ್ಳಲು ಆಧಾರವಾಗುತ್ತದೆ.

ಮಾಹಿತಿ ಕಳುಹಿಸುವಾಗ ಅನುಸರಿಸಬೇಕಾದ ಕ್ರಮಗಳು

1. ದಿನಾಂಕ, ಊರು, ಬೆಳೆ, ತಳಿ, ಬೆಳೆಯ ವಯಸ್ಸು ಈ ಐದೂ ಇಲ್ಲದೆ ಯಾವ ಚಿತ್ರವನ್ನೂ ಕಳುಹಿಸಬೇಡಿ.
2. ರೋಗ, ಕೀಟದ ಚಿತ್ರಗಳನ್ನು ಮೂರು ಬಗೆಯಲ್ಲಿ ತೆಗೆಯಿರಿ: ಇಡೀ ಹೊಲ, ಒಂದು ಗಿಡ, ಹಾನಿಯಾದ ಭಾಗ.
3. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ‘ಎಲೆ ಹಳದಿಯಾಗಿದೆ’ ಎಂಬುದು ಕಂಡದ್ದು. ‘ಗೊಬ್ಬರ ಕಳಪೆ’ ಎಂಬುದು ಊಹೆ.
4. ಚೆನ್ನಾಗಿರುವ ಹೊಲದ ಸುದ್ದಿಯನ್ನೂ ಬರೆಯಿರಿ. ಹಾನಿಯ ಸುದ್ದಿ ಮಾತ್ರ ಸೇರಿದರೆ ಲೆಕ್ಕ ತಪ್ಪುತ್ತದೆ.
5. ಬೇರೆಯವರಿಂದ ಬಂದ ಹಳೆಯ ಚಿತ್ರಗಳನ್ನು ನಿಮ್ಮದೆಂಬಂತೆ ಮುಂದಕ್ಕೆ ಕಳುಹಿಸಬೇಡಿ.
6. ಶ್ರೀಗಂಧದ ಮರವಿರುವ ಸ್ಥಳ, ಮನೆಯಲ್ಲಿ ಯಾರೂ ಇಲ್ಲದ ದಿನ, ಬ್ಯಾಂಕಿನ ವಿವರ ಇವನ್ನು ಗುಂಪುಗಳಲ್ಲಿ ಹಾಕಬೇಡಿ.
7. ವಾಟ್ಸಾಪ್ ಸಂದೇಶ ದೂರಿಗೆ ಸಮವಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ನಿಗದಿಯಾದ ರೀತಿಯಲ್ಲಿಯೇ ತಿಳಿಸಬೇಕು.

ಹೆಸರು ಯಾರದು, ಫಲ ಯಾರಿಗೆ?

ನಿಮ್ಮಿಂದ ಮಾಹಿತಿ, ಬೀಜ ಅಥವಾ ಚಿತ್ರ ಕೇಳಿ ಯಾರಾದರೂ ಬಂದರೆ ಸಂಕೋಚಪಡದೆ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಯಾವುದಕ್ಕೆ ಬಳಸುತ್ತೀರಿ? ಫಲಿತಾಂಶವನ್ನು ಕನ್ನಡದಲ್ಲಿ ನಮಗೆ ತಿಳಿಸುತ್ತೀರಾ? ನಮ್ಮ ಅಥವಾ ನಮ್ಮೂರಿನ ಹೆಸರನ್ನು ಹಾಕುತ್ತೀರಾ? ಲಾಭ ಬಂದರೆ ನಮಗೆ ಪಾಲೇನು?

ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕ ಉದಾಹರಣೆಯೂ ಇದೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, 2017ರಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡಿತು. ‘ಸಿದ್ದು’ ಹೆಸರಿನ ಆ ಹಲಸಿನ ಸಸಿಗಳ ಆದಾಯದಲ್ಲಿ ನಾಲ್ಕರಲ್ಲಿ ಮೂರು ಪಾಲು ರೈತರಿಗೆ ಸಲ್ಲುವಂತೆ ಗೊತ್ತಾಯಿತು. ರೈತರ ತಳಿಗಳನ್ನು ರೈತರ ಹೆಸರಿನಲ್ಲಿಯೇ ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಅವಕಾಶವಿದೆ. ವಿಶೇಷ ಗುಣದ ತಳಿ ನಿಮ್ಮಲ್ಲಿದ್ದರೆ ಜಾಲತಾಣಕ್ಕೆ ಹಾಕುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಮ್ಮ ಮಾತನ್ನು ನಾವೇ ಆಡುವುದು

ರೈತರು ತಾವೇ ಬರೆಯಬಲ್ಲರೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷಿಯಿದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡುವ ಉದ್ದೇಶವನ್ನಿಟ್ಟುಕೊಂಡ ಪತ್ರಿಕೆ. 2021ರಲ್ಲಿ ಬಾಳೆಗೆ ಬೆಲೆ ಕುಸಿದಾಗ ಬಾಳೆಕಾಯಿ ಹುಡಿ ಮಾಡುವ ಪ್ರಯೋಗಗಳು ವಾಟ್ಸಾಪ್ ಮೂಲಕ ಮನೆಯಿಂದ ಮನೆಗೆ ಹಬ್ಬಿದವು. ಒಬ್ಬ ಗೃಹಿಣಿ ಅಡುಗೆಮನೆಯಲ್ಲಿ ಕಂಡುಕೊಂಡದ್ದನ್ನು ಮತ್ತೊಬ್ಬರು ತಿದ್ದಿದರು, ಮಗದೊಬ್ಬರು ಬೇರೆ ತಿಂಡಿಗೆ ಹೊಂದಿಸಿದರು. ಅಲ್ಲಿ ಮಾಡಿದವರೇ ಮಾತನಾಡಿದರು ಎಂಬುದು ಗಮನಾರ್ಹ.

ಆದುದರಿಂದ ಊರಿಗೊಂದು ಚಿಕ್ಕ ಗುಂಪು ಕಟ್ಟಿಕೊಳ್ಳಿ. ಮಳೆಯಾಶ್ರಿತ, ನೀರಾವರಿ, ತೋಟ ಈ ಮೂರು ಬಗೆಯ ಜಮೀನಿನವರೂ ಅದರಲ್ಲಿರಲಿ. ಸಣ್ಣ ಹಿಡುವಳಿದಾರರು, ಹೆಣ್ಣುಮಕ್ಕಳು, ಕೂಲಿಕಾರರು ಸೇರಲಿ. ಫೋನು ಇಲ್ಲದವರು ಹೇಳಿದ್ದನ್ನು ಇರುವವರು ಅವರ ಹೆಸರಿನಲ್ಲಿಯೇ ಬರೆಯಲಿ. ಶಾಲೆಯ ಮಕ್ಕಳು ಮಳೆ ಅಳೆಯುವ ಹೊಣೆ ಹೊರಲಿ. ತಿಂಗಳಿಗೊಮ್ಮೆ ಎಲ್ಲರ ಪುಸ್ತಕಗಳನ್ನು ತಾಳೆ ನೋಡಿ, ಒಂದು ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ, ಇನ್ನೊಂದನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಫೋನಿನ ಗುಂಪಿನಲ್ಲಿ ಬರೆದದ್ದು ನಾಳೆ ಹುಡುಕಿದರೆ ಸಿಗದಿರಬಹುದು. ಪುಸ್ತಕದಲ್ಲಿ ಬರೆದದ್ದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಸಾರಾಂಶ

ಜಾಲತಾಣದಲ್ಲಿ ಹೆಚ್ಚು ಮಾತನಾಡುವವರು ಎಲ್ಲರ ಪ್ರತಿನಿಧಿಗಳಲ್ಲ. ನಗರದ ಅನುಭವ ಹಳ್ಳಿಯ ಅನುಭವಕ್ಕೆ ಬದಲಿಯಾಗದು. ಸೊನ್ನೆಯೂ ಒಂದು ಮಾಹಿತಿ. ದಿನಾಂಕ, ಸ್ಥಳ, ಸಂಖ್ಯೆಗಳಿಲ್ಲದ ಸುದ್ದಿಗೆ ಬೆಲೆಯಿಲ್ಲ. ಮಾಹಿತಿ ಕೊಡುವವನಿಗೆ ಪ್ರಶ್ನೆ ಕೇಳುವ ಹಕ್ಕೂ ಇದೆ. ಈ ಐದು ಮಾತುಗಳನ್ನು ನೆನಪಿನಲ್ಲಿಟ್ಟು, ಬರುವ ಮುಂಗಾರಿನ ಮೊದಲ ಹನಿಯಿಂದಲೇ ಪುಸ್ತಕ ತೆರೆಯಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ‘ನಾಗರಿಕ ವಿಜ್ಞಾನ’ದ ಎರಡು ಅರ್ಥಗಳಾವುವು? ನಿಮ್ಮ ಊರಿಗೆ ಯಾವುದು ಹೆಚ್ಚು ಅಗತ್ಯ?
2. ಮಳೆ ಪುಸ್ತಕದಲ್ಲಿ ‘0’ ಎಂಬುದಕ್ಕೂ ‘ನೋಡಿಲ್ಲ’ ಎಂಬುದಕ್ಕೂ ವ್ಯತ್ಯಾಸವೇನು?
3. 50 ಮೆಕ್ಕೆಜೋಳದ ಗಿಡಗಳಲ್ಲಿ 9ಕ್ಕೆ ಹಾನಿಯಾಗಿದ್ದರೆ ಶೇಕಡ ಎಷ್ಟು?
4. ನಿಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಕಳೆದ ಒಂದು ತಿಂಗಳಲ್ಲಿ ಬರೆದವರೆಷ್ಟು ಮಂದಿ? ಅವರಲ್ಲಿ ಹೆಣ್ಣುಮಕ್ಕಳೆಷ್ಟು? ಎಣಿಸಿ ನೋಡಿ.